ಬೆಳ್ಳಿ ತಟ್ಟೆಯ ಆಸ್ಪತ್ರೆ, ಗಂಜಿ ನೀರಿನ ಮದ್ದು



ಹಳೆ ಗೋವಾ ಎಂದರೆ ನಮಗೆ ನೆನಪಾಗುವುದು ಬೊಮ್ ಜೇಸು ಬೆಸಿಲಿಕಾ, ಸಂತ ಫ್ರಾನ್ಸಿಸ್ ಝೇವಿಯರರ ಪವಿತ್ರ ಶರೀರ, ಹತ್ತು ವರ್ಷಕ್ಕೊಮ್ಮೆ ನಡೆಯುವ ದರ್ಶನ. 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆದ ದರ್ಶನಕ್ಕೆ ನಮ್ಮ ಕಡೆಯಿಂದಲೂ ಬಸ್ಸುಗಳು ಹೋಗಿದ್ದವು. ಹೋಗಿ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ. ಇಷ್ಟು ದೊಡ್ಡ ದೊಡ್ಡ ದೇವಾಲಯಗಳಿವೆ, ಆದರೆ ಸುತ್ತ ಊರೇ ಇಲ್ಲವಲ್ಲ! ಒಂದು ಕಾಲಕ್ಕೆ ಪೂರ್ವದ ರೋಮ್ ಅನ್ನಿಸಿಕೊಂಡ ನಗರದ ಜನ ಎಲ್ಲಿಗೆ ಹೋದರು?

ಯುದ್ಧ, ಡಚ್ಚರ ಪೈಪೋಟಿ, ವ್ಯಾಪಾರದ ಕುಸಿತ ಎಂದು ಶಾಲೆಯಲ್ಲಿ ಓದಿದ್ದೇವೆ. ಅದೆಲ್ಲ ನಿಜ. ಆದರೆ ಆ ನಗರವನ್ನು ಒಳಗಿನಿಂದ ತಿಂದದ್ದು ರೋಗ, ಮತ್ತು ಆ ರೋಗದ ಹಿಂದೆ ಇದ್ದದ್ದು ನೀರು. ಇಂದು ಯೆಮನ್ ಅಥವಾ ಸುಡಾನಿನಂಥ ಸಂಕಟದ ದೇಶಗಳಿಗೆ ನೆರವು ಕಳುಹಿಸುವವರು ಆರೋಗ್ಯ, ನೀರು, ಪೌಷ್ಟಿಕ ಆಹಾರ ಎಂದು ಮೂರನ್ನು ಒಟ್ಟಿಗೇ ಹೇಳುತ್ತಾರೆ. ಈ ಮೂರನ್ನು ಬೇರೆ ಬೇರೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಹಳೆ ಗೋವಾದಷ್ಟು ಒಳ್ಳೆಯ ಪಾಠ ನಮಗೆ ಹತ್ತಿರದಲ್ಲಿ ಮತ್ತೊಂದಿಲ್ಲ. ಅದರಲ್ಲೂ ಈ ಕಥೆಯಲ್ಲಿ ನಮ್ಮ ಕರಾವಳಿಯ ಅಕ್ಕಿಗೆ ದೊಡ್ಡ ಪಾತ್ರವಿದೆ.

1543ರಿಂದ ಶುರು ಮಾಡೋಣ. ಆಗ ಗೋವಾದಲ್ಲಿದ್ದ ಗಾಸ್ಪರ್ ಕೊರೆಯ ಎಂಬ ಪೋರ್ಚುಗೀಸ್ ಇತಿಹಾಸಕಾರ ಆ ವರ್ಷದ ಪಿಡುಗನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಇದ್ದಕ್ಕಿದ್ದಂತೆ ಹೊಟ್ಟೆನೋವು, ವಾಂತಿ, ತಡೆಯಲಾಗದ ಬಾಯಾರಿಕೆ, ಕೈಕಾಲು ಸೆಳೆತ, ಕಪ್ಪಾಗುವ ಉಗುರು. ನೂರು ಜನರಿಗೆ ಬಂದರೆ ಹತ್ತು ಜನ ಉಳಿಯುವುದೇ ಕಷ್ಟ. ದಿನಕ್ಕೆ ಹನ್ನೆರಡು, ಹದಿನೈದು, ಇಪ್ಪತ್ತು ಹೆಣ. ಪ್ರತಿ ಸಾವಿಗೂ ದೇವಾಲಯದ ಗಂಟೆ ಹೊಡೆದರೆ ಬದುಕಿದ್ದವರೇ ಹೆದರಿ ಸಾಯುತ್ತಾರೆಂದು ಧರ್ಮಾಧ್ಯಕ್ಷರು ಸಾವಿನ ಗಂಟೆಯನ್ನೇ ನಿಲ್ಲಿಸಿಬಿಟ್ಟರು. ನಮ್ಮ ಊರುಗಳಲ್ಲಿ ಇಂದಿಗೂ ಯಾರಾದರೂ ತೀರಿಕೊಂಡರೆ ಗಂಟೆ ಕೇಳಿಯೇ ತಾನೇ ತಿಳಿಯುವುದು? ಆ ಗಂಟೆಯೂ ಮೌನವಾದ ನಗರವನ್ನು ಊಹಿಸಿಕೊಳ್ಳಿ.

ಆಗ ಗವರ್ನರ್ ಆಗಿದ್ದವನು ಮಾರ್ತಿಂ ಅಫೊನ್ಸೊ ದ ಸೋಜ. ಆಸ್ಪತ್ರೆಯಲ್ಲಿ ಸತ್ತವನೊಬ್ಬನ ಹೊಟ್ಟೆ ಸೀಳಿ ನೋಡಲು ಅವನು ವೈದ್ಯರಿಗೆ ಅಪ್ಪಣೆ ಕೊಟ್ಟ. ಒಳಗೆ ಗಾಯವಿಲ್ಲ, ಗೆಡ್ಡೆಯಿಲ್ಲ. ಜಠರ ಮಾತ್ರ ಸುಟ್ಟ ಚರ್ಮದ ಹಾಗೆ ಮುದುಡಿಕೊಂಡಿತ್ತಂತೆ. ಬಿಎಸ್ಸಿಯಲ್ಲಿ ಶರೀರಶಾಸ್ತ್ರ ಓದಿದ ನಮಗೆ ಈ ಸಾಲು ಓದಿದಾಗ ಮೈ ಜುಮ್ಮೆಂದಿತು. ಉತ್ತರ ಅಲ್ಲೇ ಅವರ ಕಣ್ಣೆದುರಿಗೇ ಇತ್ತು. ಆ ಮನುಷ್ಯ ಒಣಗಿ ಸತ್ತಿದ್ದ. ಕಾಲರಾ ಜೋರಾಗಿ ಹಿಡಿದರೆ ಗಂಟೆಗೆ ಒಂದು ಲೀಟರಿನಷ್ಟು ನೀರು ದೇಹದಿಂದ ಹೊರಟುಹೋಗುತ್ತದೆ, ಜೊತೆಗೆ ಉಪ್ಪಿನಂಶವೂ. ರೋಗಾಣು ಕರುಳನ್ನು ಕೊರೆಯುವುದಿಲ್ಲ, ಕರುಳಿನ ನಲ್ಲಿಯನ್ನು ತಿರುಗಿಸಿಟ್ಟುಬಿಡುತ್ತದೆ ಅಷ್ಟೆ. ಹೋದಷ್ಟು ನೀರನ್ನೂ ಉಪ್ಪನ್ನೂ ವಾಪಸ್ ಕೊಡುತ್ತಾ ಹೋದರೆ ರೋಗಿ ಬದುಕುತ್ತಾನೆ. ಆದರೆ ಇದು ಮನುಷ್ಯನಿಗೆ ಖಚಿತವಾಗಿ ತಿಳಿಯಲು ಇನ್ನೂ ನಾಲ್ಕು ಶತಮಾನ ಬೇಕಿತ್ತು.

ಆ ರೋಗವನ್ನು ಗೋವೆಯ ಜನ ಮೋಡಶಿ ಎನ್ನುತ್ತಿದ್ದರು. ಪೋರ್ಚುಗೀಸರ ಬಾಯಲ್ಲಿ ಅದು ಮೊರ್ದೆಶಿಂ ಆಯಿತು. ಫ್ರೆಂಚರು ಕೇಳಿ ಅದನ್ನು ತಮ್ಮ ಭಾಷೆಯಲ್ಲಿ 'ನಾಯಿಯ ಸಾವು' ಎಂಬ ಅರ್ಥ ಬರುವ ಪದವಾಗಿ ಮಾಡಿಕೊಂಡರು. ಯಾರು ಯಾರಿಂದ ಕಲಿತರು ಎಂಬುದಕ್ಕೆ ಈ ಪದಗಳೇ ಸಾಕ್ಷಿ.

ಈಗ ಬರುವವನು ಗಾರ್ಸಿಯಾ ದ ಓರ್ಟ. 1534ರಲ್ಲಿ ಇದೇ ಮಾರ್ತಿಂ ಅಫೊನ್ಸೊನ ಜೊತೆ ಹಡಗೇರಿ ಬಂದ ವೈದ್ಯ. 1563ರ ಏಪ್ರಿಲಿನಲ್ಲಿ ಗೋವಾದಲ್ಲೇ ಅಚ್ಚಾದ ಅವನ ಪುಸ್ತಕ ಭಾರತದ ಗಿಡಮೂಲಿಕೆಗಳ ಬಗ್ಗೆ ಸಂಭಾಷಣೆಯ ರೂಪದಲ್ಲಿದೆ. ಅದರಲ್ಲಿ ಈ ವಾಂತಿಭೇದಿಯ ವಿಷಯ ಬಂದಾಗ ಊರಿನ ವೈದ್ಯರು ಏನು ಕೊಡುತ್ತಾರೆ ಎಂದು ಅವನು ಬರೆಯುತ್ತಾನೆ. ಅಕ್ಕಿ ಬೇಯಿಸಿ ಹಿಂಡಿದ ನೀರು, ಅದಕ್ಕೆ ಮೆಣಸು ಮತ್ತು ಜೀರಿಗೆ. ಅದರ ಹೆಸರು ಕಂಜೆ ಎಂದೂ ಹೇಳುತ್ತಾನೆ. ನಮ್ಮ ಗಂಜಿಯೇ! ಮನೆಯಲ್ಲಿ ಕೊಂಕಣಿ ಮಾತಾಡುವವರಿಗೆ ಪೇಜ್. ಹೊಟ್ಟೆ ಕೆಟ್ಟ ದಿನ ಅಜ್ಜಿ ಕೊಡುವ ತಿಳಿಗಂಜಿ 1563ರಲ್ಲೇ ಪೋರ್ಚುಗೀಸ್ ಭಾಷೆಯ ಅಚ್ಚಿನ ಪುಸ್ತಕದಲ್ಲಿತ್ತು.

ಅದೇ ಕಾಲದ ಬೇರೆ ಚಿಕಿತ್ಸೆಗಳನ್ನು ಓದಿದರೆ ಗಂಜಿಯ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ರಕ್ತ ತೆಗೆಯುವುದು, ಹಿಮ್ಮಡಿಗೆ ಕಾದ ಕಬ್ಬಿಣದಿಂದ ಬರೆ ಹಾಕುವುದು. ಮೊದಲೇ ದೇಹದ ನೀರೆಲ್ಲ ಹೋಗಿ ಒಣಗಿದವನಿಂದ ರಕ್ತವನ್ನೂ ತೆಗೆದರೆ ಅವನ ಗತಿ ಏನು?

ಓರ್ಟನ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಅವನು ಯೆಹೂದಿ ಮೂಲದ ಕುಟುಂಬದವನು. ಅವನು ತೀರಿಕೊಂಡ ಮೇಲೆ, 1569ರಲ್ಲಿ, ಅವನ ತಂಗಿ ಕತರೀನಳನ್ನು ಗೋವಾದ ಇಂಕ್ವಿಸಿಷನ್ ಸುಟ್ಟು ಕೊಂದಿತು. 1580ರಲ್ಲಿ ಓರ್ಟನ ಮೂಳೆಗಳನ್ನೂ ಗೋರಿಯಿಂದ ತೆಗೆದು ಸುಟ್ಟರು. ಗೋವೆಯ ರೋಗಿಗಳಿಗಾಗಿ ದುಡಿದ ವೈದ್ಯನಿಗೆ ನಮ್ಮವರೇ ಕೊಟ್ಟ ಮರ್ಯಾದೆ ಇದು. ನಮ್ಮ ಧರ್ಮಸಭೆಯ ಇತಿಹಾಸ ಓದುವಾಗ ಇದನ್ನೂ ಓದಬೇಕು.

ಇನ್ನು ಆಸ್ಪತ್ರೆ. ಆಫೊನ್ಸೊ ದ ಆಲ್ಬುಕರ್ಕ್ 1510ರಲ್ಲಿ ಗೋವಾ ಗೆದ್ದ ಮೇಲೆ ಶುರುವಾದದ್ದು ರಾಜನ ಆಸ್ಪತ್ರೆ. 1542ರ ಮೇ 6ರಂದು ಗೋವಾ ತಲುಪಿದ ಸಂತ ಫ್ರಾನ್ಸಿಸ್ ಝೇವಿಯರರು ಉಳಿದುಕೊಂಡದ್ದು ಇಲ್ಲೇ, ರೋಗಿಗಳ ನಡುವೆ. ಮಿಸೆರಿಕೊರ್ಡಿಯಾ ಎಂಬ ಗೃಹಸ್ಥರ ಸಂಘವೂ ನಗರದಲ್ಲಿ ಕೆಲಸ ಮಾಡುತ್ತಿತ್ತು. ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ರೋಗಿಗಳ ಭೇಟಿ, ಸತ್ತವರಿಗೆ ಮಣ್ಣು ಎಂಬ ಕರುಣೆಯ ಕಾರ್ಯಗಳನ್ನು ನಾವು ಧರ್ಮೋಪದೇಶದಲ್ಲಿ ಕಂಠಪಾಠ ಮಾಡಿದ್ದೇವಲ್ಲ, ಆ ಸಂಘ ಕಟ್ಟಿದ್ದೇ ಆ ಪಟ್ಟಿಯ ಮೇಲೆ. 16ನೇ ಶತಮಾನದ ಕೊನೆಗೆ ರಾಜನ ಆಸ್ಪತ್ರೆಯ ಆಡಳಿತ ಯೇಸುಸಭೆಯವರ ಕೈಗೆ ಬಂತು.

ಆ ಕಾಲದ ವೈಭವವನ್ನು ಕಂಡು ಬರೆದವನು ಫ್ರಾನ್ಸ್‌ನ ಪಿರಾರ್. ಮಾಲ್ದೀವ್ಸ್ ಬಳಿ ಹಡಗು ಒಡೆದು ಐದು ವರ್ಷ ಅಲ್ಲಿ ಸೆರೆಯಲ್ಲಿದ್ದ ಅವನು 1608ರಲ್ಲಿ ರೋಗಿಯಾಗಿ ಈ ಆಸ್ಪತ್ರೆಗೆ ಬಂದ. ಹೊರಗಿನಿಂದ ನೋಡಿದರೆ ಅರಮನೆ ಅಂದುಕೊಂಡನಂತೆ. ಒಳ್ಳೆಯ ಹಾಸಿಗೆ, ಶುಭ್ರ ಬಟ್ಟೆ, ಊಟಕ್ಕೆ ಪಿಂಗಾಣಿ ಮತ್ತು ಬೆಳ್ಳಿಯ ಪಾತ್ರೆ. ಲೋಕದಲ್ಲೇ ಇಂಥ ಆಸ್ಪತ್ರೆ ಇನ್ನೊಂದಿಲ್ಲ ಎಂಬುದು ಅವನ ಅಭಿಪ್ರಾಯ. ಆದರೆ ಇದು ಪೋರ್ಚುಗೀಸ್ ಸೈನಿಕರಿಗೆ, ಯುರೋಪಿನವರಿಗೆ. ಊರಿನ ಬಡವರಿಗೆ ಬೇರೆ ಆಸ್ಪತ್ರೆ, ಕುಷ್ಠರೋಗಿಗಳಿಗೆ ಮತ್ತೊಂದು.

ಬೆಳ್ಳಿ ತಟ್ಟೆಯ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಟ್ಟು ನೋಡಿ. 17ನೇ ಶತಮಾನದ ಮೊದಲ ಮೂವತ್ತು ವರ್ಷಗಳಲ್ಲಿ ಈ ಒಂದೇ ಆಸ್ಪತ್ರೆಯಲ್ಲಿ ಸುಮಾರು 25,000 ಸೈನಿಕರು ಸತ್ತರೆಂದು ಇತಿಹಾಸಕಾರ ಚಾರ್ಲ್ಸ್ ಬಾಕ್ಸರ್ ಬರೆಯುತ್ತಾರೆ. ಲಿಸ್ಬನ್‌ನಿಂದ ಬರುವ ಹಡಗಿನಲ್ಲೇ ಅರ್ಧ ಜೀವವಾಗಿ ಬಂದವರು ಅವರಲ್ಲಿ ಬಹಳ ಮಂದಿ ಇದ್ದರು, ನಿಜ. ಆದರೂ ಆರೈಕೆ ಚೆನ್ನಾಗಿದ್ದ ಕಡೆ ಇಷ್ಟೊಂದು ಸಾವು ಏಕೆ?

ನಗರದ ಬಾವಿಗಳನ್ನು ನೋಡಬೇಕು. ಗೋವಾದ ನೆಲ ನಮ್ಮ ಕರಾವಳಿಯ ನೆಲದ ಹಾಗೆಯೇ ಮುರಕಲ್ಲು. ಅದರ ತುಂಬ ಸಣ್ಣ ಸಣ್ಣ ತೂತು. ಮಳೆನೀರು ಬೇಗ ಇಂಗುತ್ತದೆ, ಅದು ಒಳ್ಳೆಯದು. ಆದರೆ ಮನೆಯ ಪಕ್ಕದ ಕಕ್ಕಸು ಗುಂಡಿಯದ್ದೂ ಅಷ್ಟೇ ಬೇಗ ಇಂಗಿ ಹತ್ತಿರದ ಬಾವಿಗೆ ಸೇರುತ್ತದೆ. ಹಳ್ಳಿಯಲ್ಲಿ ಮನೆಯಿಂದ ಮನೆಗೆ ದೂರವಿದ್ದರೆ ನಡೆದೀತು. ಮನೆಗೆ ಮನೆ ಅಂಟಿಕೊಂಡ ದೊಡ್ಡ ನಗರದಲ್ಲಿ, ವರ್ಷಕ್ಕೆ ನಾಲ್ಕು ತಿಂಗಳು ಮಳೆ ಸುರಿಯುವ ಕಡೆ, ಅದು ನಡೆಯುವುದಿಲ್ಲ. ಬಾವಿ ನೀರು ಕುಡಿಯಲು ಆಗದು ಎಂದು ಜನರಿಗೂ ಗೊತ್ತಿತ್ತು. ಕುಡಿಯುವ ನೀರು ಬರುತ್ತಿದ್ದದ್ದು ಊರಾಚೆಯ ಬಾಂಗೆನಿಂ ಎಂಬ ಒರತೆಯಿಂದ. ಗುಲಾಮರು ಅಲ್ಲಿಂದ ಕೊಡಗಳಲ್ಲಿ ಹೊತ್ತು ತಂದು ಬೀದಿ ಬೀದಿಯಲ್ಲಿ ಮಾರುತ್ತಿದ್ದರು ಎಂದು ಪ್ರವಾಸಿಗಳು ಬರೆದಿದ್ದಾರೆ. ಅಂದರೆ ಶುದ್ಧ ನೀರು ದುಡ್ಡಿದ್ದವನಿಗೆ. ಅದನ್ನು ಹೊತ್ತು ತಂದವನು ಏನು ಕುಡಿಯುತ್ತಿದ್ದ ಎಂದು ಯಾರೂ ಬರೆದಿಲ್ಲ.

ಮುಂದೆ ಆಸ್ಪತ್ರೆಯೂ ಕೆಟ್ಟಿತು. ಪಿರಾರ್ ಬಂದು ಹೋಗಿ ಕೆಲವು ದಶಕಗಳಾದ ಮೇಲೆ ಗೋವೆಗೆ ಬಂದ ಫ್ರೆಂಚ್ ವರ್ತಕ ತವೆರ್ನಿಯೆ ಬೇರೆಯೇ ಚಿತ್ರ ಕೊಡುತ್ತಾನೆ. ಒಳಗೆ ಹೋದವರು ಹೊರಗೆ ಬರುವುದು ಗೋರಿಗೇ ಎಂಬ ಸ್ಥಿತಿ. ಪದೇ ಪದೇ ರಕ್ತ ತೆಗೆಯುತ್ತಾರೆ. ಬಾಯಾರಿದ ರೋಗಿ ನೀರು ಕೇಳಿದರೆ ವೈದ್ಯರ ಅಪ್ಪಣೆ ಇಲ್ಲ ಎನ್ನುತ್ತಾರೆ. ಆದರೆ ಕೈಗೆ ನಾಲ್ಕು ಕಾಸು ಇಟ್ಟರೆ ಅಲ್ಲಿನ ಆಳುಗಳೇ ಗುಟ್ಟಾಗಿ ನೀರು ತಂದು ಕೊಡುತ್ತಾರೆ. ಈ ಸಂಗತಿ ನಮ್ಮನ್ನು ಬಹಳ ಹೊತ್ತು ಕಾಡಿತು. ನೀರು ಹೋಗಿ ಸಾಯುತ್ತಿರುವವನಿಗೆ ನೀರನ್ನು ಲಂಚಕ್ಕೆ ಮಾರುವುದು! ಆಳುಗಳನ್ನು ಮಾತ್ರ ಬೈದು ಪ್ರಯೋಜನವಿಲ್ಲ. ನೀರು ಕೊಡಬಾರದೆಂಬ ನಿಯಮವನ್ನು ಮಾಡಿದವರು ಓದಿದವರು.

ಈಗ ಅಕ್ಕಿಯ ಕಥೆ. ಗಂಜಿ ಬೇಯಬೇಕಾದರೆ ಅಕ್ಕಿ ಬೇಕು. ಗೋವೆಯ ಗದ್ದೆಗಳು ಅಷ್ಟು ದೊಡ್ಡ ನಗರಕ್ಕೆ, ಅಷ್ಟೊಂದು ಹಡಗುಗಳಿಗೆ ಸಾಲುತ್ತಿರಲಿಲ್ಲ. ಅಕ್ಕಿ ಹೋಗುತ್ತಿದ್ದದ್ದು ಕನ್ನಡ ಕರಾವಳಿಯಿಂದ. ಬಸ್ರೂರು, ಮಂಗಳೂರು, ಹೊನ್ನಾವರ. ಇಂದು ಕುಂದಾಪುರದಿಂದ ಒಂದು ಬಸ್ಸು ಹಿಡಿದರೆ ಬಸ್ರೂರು. ಆ ಪುಟ್ಟ ಊರಿನ ಅಕ್ಕಿ ಗೋವಾಕ್ಕಷ್ಟೇ ಅಲ್ಲ, ಅರಬ್ ನಾಡಿನವರೆಗೂ ಹೋಗುತ್ತಿತ್ತು. ದಾರಿಯಲ್ಲಿ ಕಡಲ್ಗಳ್ಳರ ಭಯವಿದ್ದುದರಿಂದ ಅಕ್ಕಿ ದೋಣಿಗಳು ಗುಂಪಾಗಿ, ಪೋರ್ಚುಗೀಸ್ ಯುದ್ಧನೌಕೆಗಳ ಕಾವಲಿನಲ್ಲಿ ಹೋಗುತ್ತಿದ್ದವು. ಆ ಗುಂಪಿಗೆ ಕಾಫಿಲಾ ಎಂದು ಹೆಸರು. ಕಾಫಿಲಾ ತಡವಾದರೆ ಗೋವಾದಲ್ಲಿ ಒಲೆ ಉರಿಯುವುದೂ ತಡ.

ಇದನ್ನು ನೆರವು ಎಂದು ಕರೆಯಲು ಬರುವುದಿಲ್ಲ. ನಮ್ಮ ಬಂದರುಗಳಿಂದ ಪೋರ್ಚುಗೀಸರು ಕಪ್ಪವನ್ನೂ ಅಕ್ಕಿಯ ರೂಪದಲ್ಲೇ ವಸೂಲಿ ಮಾಡುತ್ತಿದ್ದರು. 1568-69ರಲ್ಲಿ ಮಂಗಳೂರು, ಹೊನ್ನಾವರ, ಬಸ್ರೂರುಗಳಲ್ಲಿ ಕೋಟೆ ಹಾಕಿ ಕುಳಿತರು. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯೊಬ್ಬ ಗೋವಾದಿಂದ ಹೊನ್ನಾವರ, ಗೇರುಸೊಪ್ಪೆ ದಾಟಿ ಇಕ್ಕೇರಿಗೆ ವೆಂಕಟಪ್ಪ ನಾಯಕನ ಬಳಿಗೆ ಹೋದ. ಅವನ ಜೊತೆಗಿದ್ದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ದಾರಿಯಲ್ಲಿ ಮಕ್ಕಳು ನೆಲದ ಮರಳಿನಲ್ಲಿ ಬೆರಳಿಂದ ಬರೆದು ಲೆಕ್ಕ ಕಲಿಯುವುದನ್ನು ಕಂಡು ಬರೆದದ್ದು ಬಲು ಚೆನ್ನಾಗಿದೆ, ಸಿಕ್ಕರೆ ಓದಿ. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಆ ಕೋಟೆಗಳನ್ನು ಕಿತ್ತುಕೊಂಡ. ಅತ್ತ ಡಚ್ಚರು 1636ರಿಂದ 1644ರವರೆಗೆ, ಆಮೇಲೆ 1656ರಿಂದ 1663ರವರೆಗೆ ಗೋವಾದ ಬಂದರಿಗೆ ದಿಗ್ಬಂಧನ ಹಾಕಿದ್ದರು. ನೀರು ಕೆಟ್ಟ ನಗರಕ್ಕೆ ಅಕ್ಕಿಯ ಬಾಗಿಲೂ ಮುಚ್ಚಿದರೆ ರೋಗಕ್ಕೆ ಇನ್ನೇನು ಬೇಕು? ಹೊಟ್ಟೆಗಿಲ್ಲದ ದೇಹ ಯಾವ ಜ್ವರಕ್ಕೂ ಸುಲಭದ ತುತ್ತು. ಕೊನೆಗೆ 1678ರಲ್ಲಿ ಕೆಳದಿಯವರೊಂದಿಗೆ ಒಪ್ಪಂದವಾಯಿತು. ಮಂಗಳೂರಿನಲ್ಲಿ ವ್ಯಾಪಾರದ ಕೋಠಿ, ಮಿರ್ಜಾನ್, ಭಟ್ಕಳ, ಕಲ್ಯಾಣಪುರಗಳಲ್ಲಿ ದೇವಾಲಯ ಕಟ್ಟಲು ಅನುಮತಿ. ನಮ್ಮ ಕರಾವಳಿಯ ಕೆಲವು ಹಳೆಯ ದೇವಾಲಯಗಳ ಹಿಂದೆ ಅಕ್ಕಿಯ ಮೂಟೆಗಳಿವೆ ಎಂದರೆ ಅದು ಬರಿಯ ತಮಾಷೆಯಲ್ಲ.

ಒಪ್ಪಂದವಾದ ಮೂರು ವರ್ಷಕ್ಕೆ, 1681ರಲ್ಲಿ, ಗೋವಾದಿಂದ ನಮ್ಮ ಕೆನರಾ ಜಿಲ್ಲೆಗೆ ಬಂದ ಯುವ ಗುರುಗಳು ಸಂತ ಜೋಸೆಫ್ ವಾಜ್. ಮುಡಿಪಿಗೆ ಹೋದವರೆಲ್ಲ ಅವರ ಹೆಸರು ಬಲ್ಲರು. ಇಲ್ಲಿ ಸುಮಾರು ಮೂರು ವರ್ಷ ಸೇವೆ ಮಾಡಿ, ಮುಂದೆ ಅವರು ಶ್ರೀಲಂಕಾಕ್ಕೆ ಹೋದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ರಾಜ, ಶ್ರೀಮಂತರು ಊರು ಬಿಟ್ಟರು. ರೋಗ ಬಂದವರನ್ನು ಮನೆಯವರೇ ಕಾಡಿಗೆ ಬಿಟ್ಟು ಬಂದರು. ಉಳಿದುಕೊಂಡವರು ವಾಜ್ ಮತ್ತು ಅವರ ಅಕ್ಕನ ಮಗ ಜೋಸೆಫ್ ಕಾರ್ವಾಲೊ ಗುರುಗಳು. ರೋಗಿಗಳಿಗೆ ಆಸರೆ ಮಾಡಿಕೊಟ್ಟು, ತಿನ್ನಿಸಿ, ಕುಡಿಸಿ, ತೊಳೆದು, ಸತ್ತವರನ್ನು ಹೂತರು. ರೋಗಿ ಕ್ರೈಸ್ತನೋ ಬೌದ್ಧನೋ ಎಂದು ನೋಡಲಿಲ್ಲ.

ಸಿಡುಬಿಗೆ ಆಗ ಮದ್ದೇ ಇರಲಿಲ್ಲ. ವಾಜ್‌ರ ಕೈಯಲ್ಲಿ ಬೆಳ್ಳಿ ತಟ್ಟೆಯೂ ಇರಲಿಲ್ಲ. ಆದರೆ ಜ್ವರದಲ್ಲಿ ಬಿದ್ದವನಿಗೆ ಹೊತ್ತು ಹೊತ್ತಿಗೆ ನೀರು, ಒಂದಿಷ್ಟು ತಿಳಿ ಆಹಾರ, ಮೈ ಶುಚಿ ಇಷ್ಟು ಸಿಕ್ಕರೂ ಬದುಕುವ ಸಾಧ್ಯತೆ ಹೆಚ್ಚುತ್ತದೆ. ಕಾಡಿನಲ್ಲಿ ಒಂಟಿಯಾಗಿ ಬಿದ್ದವನು ಎಷ್ಟೋ ಸಲ ರೋಗಕ್ಕಿಂತ ಮೊದಲು ಬಾಯಾರಿಕೆಗೇ ಸಾಯುತ್ತಾನೆ. ಪೋಪ್ ಫ್ರಾನ್ಸಿಸ್ 2015ರ ಜನವರಿ 14ರಂದು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದಾಗ ಎಲ್ಲರೂ ಅವರ ಪ್ರಾರ್ಥನೆಯ ಬಗ್ಗೆ ಮಾತಾಡಿದರು. 1697ರ ಆ ಕೆಲಸದ ಬಗ್ಗೆ ಇನ್ನಷ್ಟು ಮಾತಾಡಬೇಕಿತ್ತು ಎಂದು ನಮಗನ್ನಿಸುತ್ತದೆ.

ಹಳೆ ಗೋವಾ ಅಷ್ಟರಲ್ಲಿ ಬರಿದಾಗುತ್ತಿತ್ತು. 17ನೇ ಶತಮಾನದ ಕೊನೆಗೆ ವೈಸ್‌ರಾಯ್ ಪಾನೆಲಿಂಗೆ ಹೋದ, 1759ರಲ್ಲಿ ಪಣಜಿಗೆ. 1843ರಲ್ಲಿ ಪಣಜಿಯೇ ಅಧಿಕೃತ ರಾಜಧಾನಿಯಾಯಿತು. ದೇವಾಲಯಗಳು ಮಾತ್ರ ಉಳಿದವು, ಬೆಳ್ಳಿ ತಟ್ಟೆಯ ಆಸ್ಪತ್ರೆ ಉಳಿಯಲಿಲ್ಲ. ಪಣಜಿಯಲ್ಲಿ 1842ರಲ್ಲಿ ಶುರುವಾದ ವೈದ್ಯಕೀಯ ಶಾಲೆಯ ಪರಂಪರೆ ಇಂದು ಬಾಂಬೊಳಿಯ ಗೋವಾ ಮೆಡಿಕಲ್ ಕಾಲೇಜಿನಲ್ಲಿದೆ. ಕಾರವಾರದ ಕಡೆಯ ಎಷ್ಟೋ ಕುಟುಂಬಗಳು ದೊಡ್ಡ ಕಾಯಿಲೆಗೆ ಇವತ್ತೂ ಓಡುವುದು ಅಲ್ಲಿಗೇ.

ಗಂಜಿಯ ಗುಟ್ಟು ಪೂರ್ತಿ ಬಿಚ್ಚಿಕೊಂಡದ್ದು ಗೋವೆಯಲ್ಲಲ್ಲ, ಬಂಗಾಳದಲ್ಲಿ. 1960ರ ದಶಕದಲ್ಲಿ ವಿಜ್ಞಾನಿಗಳು ಕಂಡುಕೊಂಡದ್ದು ಇಷ್ಟು: ಕಾಲರಾ ಹಿಡಿದ ಕರುಳು ಬರೀ ಉಪ್ಪುನೀರನ್ನು ಹೀರುವುದಿಲ್ಲ, ಆದರೆ ಜೊತೆಗೆ ಗ್ಲೂಕೋಸ್ ಇದ್ದರೆ ಸೋಡಿಯಂ ಅದರ ಕೈಹಿಡಿದು ಒಳಗೆ ಹೋಗುತ್ತದೆ, ಸೋಡಿಯಂ ಹಿಂದೆ ನೀರೂ ಹೋಗುತ್ತದೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧ. ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಗಡಿಯ ಬೊಂಗಾಂವ್ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳು ನೆಲದ ಮೇಲೆಲ್ಲ ಮಲಗಿದ್ದರು, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತಾ ಬಂದಿತ್ತು. ಡಾ. ದಿಲೀಪ್ ಮಹಾಲನಬಿಸ್ ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಸೋಡಾ ಬೆರೆಸಿ, ಡ್ರಮ್ಮುಗಳಲ್ಲಿ ತುಂಬಿ, ಬಟ್ಟಲಿನಲ್ಲಿ ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟರು. ಅಲ್ಲಿಯವರೆಗೆ ಶಿಬಿರಗಳಲ್ಲಿ ನೂರಕ್ಕೆ ಮೂವತ್ತರವರೆಗೆ ಇದ್ದ ಸಾವು ಅವರ ಬಳಿ ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು. 2023ರಲ್ಲಿ, ಅವರಿಲ್ಲದ ಮೇಲೆ, ಪದ್ಮವಿಭೂಷಣ ಬಂತು.

ಆಮೇಲಿನ ಸಂಶೋಧನೆಗಳಲ್ಲಿ ಗ್ಲೂಕೋಸ್ ಬದಲು ಅಕ್ಕಿ ಹಿಟ್ಟು ಬೇಯಿಸಿ ಉಪ್ಪು ಸೇರಿಸಿದ ದ್ರಾವಣ ಕಾಲರಾ ರೋಗಿಗಳಲ್ಲಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಕಂಡುಬಂತು. ಅಕ್ಕಿಯ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಒಡೆದು ಗ್ಲೂಕೋಸ್ ಆಗುತ್ತದೆ. ಓರ್ಟ ಬರೆದಿಟ್ಟ ಊರ ವೈದ್ಯರ ಹೆಸರು ನಮಗೆ ಗೊತ್ತಿಲ್ಲದಿದ್ದರೂ ಅವರ ಕೈ ಸರಿಯಾದ ಡಬ್ಬಕ್ಕೇ ಹೋಗಿತ್ತು.

2017ರಲ್ಲಿ ಯುದ್ಧದ ಯೆಮನ್‌ನಲ್ಲಿ ಕಾಲರಾ ಶಂಕಿತರ ಸಂಖ್ಯೆ ಹತ್ತು ಲಕ್ಷ ದಾಟಿತು. ಅಲ್ಲೂ ಮೊದಲು ಕೆಟ್ಟದ್ದು ಪಂಪು, ಪೈಪು, ಚರಂಡಿ. ಸಂಕಟದ ಶಿಬಿರದಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಬೇಕು ಎಂಬುದು ಇಂದು ನೆರವು ಸಂಸ್ಥೆಗಳೆಲ್ಲ ಒಪ್ಪಿದ ಲೆಕ್ಕ. ನಾವು ಬೆಳಿಗ್ಗೆ ಸ್ನಾನಕ್ಕೆ ಬಳಸುವ ಒಂದು ಬಕೆಟ್‌ನಷ್ಟು. ಕುಡಿಯಲು, ಅಡುಗೆಗೆ, ಕೈ ತೊಳೆಯಲು ಎಲ್ಲಕ್ಕೂ ಅಷ್ಟೇ.

ಒಂದು ಎಚ್ಚರಿಕೆ. ಉಪ್ಪು ಹಾಕದ ಬರೀ ಗಂಜಿ ನೀರು ಸಾಲದು. ಪೊಟ್ಟಣ ಇದ್ದರೆ ಅದರ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ. ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮಮಟ್ಟದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು, ಮಕ್ಕಳಿಗಂತೂ ಅಪಾಯ. ಗುಟುಕು ಗುಟುಕಾಗಿ ಕುಡಿಸುತ್ತಲೇ ಆಸ್ಪತ್ರೆಗೆ ಕರೆದೊಯ್ಯಿರಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಈ ಅಳತೆಯನ್ನು ನಮ್ಮ ಯುವಸಂಘದ ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದು ಅಂಟಿಸಿದ್ದೇವೆ, ಹತ್ತು ಪೊಟ್ಟಣ ಓಆರ್‌ಎಸ್ ಕೂಡ ಇಟ್ಟಿದ್ದೇವೆ. ಪೆಟ್ಟಿಗೆ ಸಭಾಭವನದ ಅಡುಗೆಮನೆಯ ಬಾಗಿಲ ಪಕ್ಕದಲ್ಲಿದೆ, ಬೀಗ ಹಾಕುವುದಿಲ್ಲ.